ಹವ್ಯಾಸದ ಬಳಗ ಕಟ್ಟುವ ಬಗೆ: ವಿಷಯದ ಆಯ್ಕೆಯಿಂದ ಹೊಣೆಯ ಹಸ್ತಾಂತರದವರೆಗೆ

ಯಾವ ಹವ್ಯಾಸಗಳಿಗೆ ಬಳಗವೊಂದು ಬೇಕು ಎಂದು ನಾಲ್ಕು ಜನರನ್ನು ಕೇಳಿದರೆ ಹಕ್ಕಿ ವೀಕ್ಷಣೆ, ಛಾಯಾಗ್ರಹಣ, ಚದುರಂಗ, ಅಂಚೆಚೀಟಿ ಸಂಗ್ರಹ, ಕಸೂತಿ, ಕೈತೋಟ, ಆಕಾಶ ವೀಕ್ಷಣೆ, ಹ್ಯಾಮ್ ರೇಡಿಯೊ (ಹವ್ಯಾಸಿಗಳು ತಮ್ಮ ತಮ್ಮ ರೇಡಿಯೊ ನಿಲ್ದಾಣಗಳಿಂದ ಪರಸ್ಪರ ಮಾತನಾಡುವುದು), ಓದು, ಹಳೆಯ ಕೈಗಡಿಯಾರಗಳ ದುರಸ್ತಿ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಹೀಗೆ ಹುಟ್ಟುವ ಬಳಗಗಳಲ್ಲಿ ಅನೇಕವು ಮೊದಲ ಹುರುಪು ಇಳಿಯುತ್ತಿದ್ದಂತೆ ಹೆಸರಿಗಷ್ಟೇ ಉಳಿಯುತ್ತವೆ. ಸದಸ್ಯರ ಆಸಕ್ತಿ ಆರಿತೆಂದು ಸಂಘಟಕರು ಬೇಸರಪಡುತ್ತಾರಾದರೂ, ಅದೇ ಸದಸ್ಯರು ತಮ್ಮ ಮನೆಯಲ್ಲಿ ತಮ್ಮ ಪಾಡಿಗೆ ಹವ್ಯಾಸವನ್ನು ಮುಂದುವರಿಸಿಕೊಂಡೇ ಇರುತ್ತಾರೆ. ಒಂದೇ ವಿಷಯವನ್ನು ಮೆಚ್ಚುವವರನ್ನು ಒಂದೆಡೆ ಕೂಡಿಸಿದ ಮಾತ್ರಕ್ಕೆ ಬಳಗ ನಿಲ್ಲುವುದಿಲ್ಲ. ಒಬ್ಬರಿಂದಲೇ ಆಗದ, ಆದರೆ ಪ್ರತಿಯೊಬ್ಬರೂ ತಮ್ಮ ಪಾಲನ್ನು ಸೇರಿಸಬಹುದಾದ ಕೆಲಸವೊಂದು ಅವರ ನಡುವೆ ಇರಬೇಕು. ಇಲ್ಲಿ ಕೊಟ್ಟಿರುವ ಹೆಜ್ಜೆಗಳೆಲ್ಲವೂ ಈ ಒಂದು ಮಾತನ್ನು ನೆಚ್ಚಿಕೊಂಡಿವೆ.

ಮೊದಲು ವಿಷಯವನ್ನು ಕಿರಿದುಗೊಳಿಸಿ

ಛಾಯಾಗ್ರಹಣ ಎಂಬುದು ಹೊಸ ಬಳಗವೊಂದಕ್ಕೆ ತೀರ ದೊಡ್ಡ ವಿಷಯ. ಸಮಾರಂಭಗಳ ಚಿತ್ರ ತೆಗೆಯುವವರು, ಕೀಟಗಳನ್ನು ತೀರ ಹತ್ತಿರದಿಂದ ಸೆರೆಹಿಡಿಯುವವರು, ಆಕಾಶಗಂಗೆಗಾಗಿ ಶಟರ್ ಅನ್ನು 20 ಸೆಕೆಂಡು ತೆರೆದಿಡುವವರು, ಈ ಮೂವರ ಕೈಯಲ್ಲಿರುವ ಕ್ಯಾಮೆರಾ ಒಂದೇ ಆಗಿರಬಹುದು, ಆದರೆ ಅವರ ತಲೆನೋವುಗಳು ಬೇರೆ ಬೇರೆ. ಮೊದಲನೆಯವರಿಗೆ ಜನರನ್ನೂ ಬೆಳಕನ್ನೂ ಏಕಕಾಲಕ್ಕೆ ನಿಭಾಯಿಸುವುದು ಕಷ್ಟ, ಎರಡನೆಯವರಿಗೆ ಫೋಕಸ್ ಆಗುವ ಆಳವು ಮಿಲಿಮೀಟರಿಗಿಂತಲೂ ಕಡಿಮೆಯಾಗಿಬಿಡುವುದು ಕಷ್ಟ, ಮೂರನೆಯವರಿಗೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಚುಕ್ಕಿಯಾಗಿ ಉಳಿಯದೆ ಗೆರೆಯಾಗುವುದು ಕಷ್ಟ. ಮೂವರನ್ನೂ ಒಂದೇ ಕಡೆ ಕೂರಿಸಿದರೆ ಒಬ್ಬರು ಮಾತನಾಡುವಾಗ ಉಳಿದಿಬ್ಬರು ಸೌಜನ್ಯಕ್ಕಾಗಿ ಕೇಳಿಸಿಕೊಳ್ಳುತ್ತಾರೆ, ಕೆಲವು ವಾರಗಳ ನಂತರ ಅದನ್ನೂ ಬಿಡುತ್ತಾರೆ.

ವಿಷಯ ಎಷ್ಟು ಕಿರಿದಾಗಿರಬೇಕು ಎಂಬುದನ್ನು ಅಳೆಯಲು ಹೀಗೆ ಮಾಡಿ. ಸದಸ್ಯರು ಕೇಳಬಹುದಾದ ಹತ್ತು ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದು, ಪ್ರತಿಯೊಂದರ ಉತ್ತರವೂ ಬಳಗದ ಅರ್ಧಕ್ಕಿಂತ ಹೆಚ್ಚು ಮಂದಿಗೆ ಉಪಯೋಗಕ್ಕೆ ಬರುತ್ತದೆಯೇ ಎಂದು ನೋಡಿ. ಹೆಚ್ಚಿನ ಪ್ರಶ್ನೆಗಳು ಇದರಲ್ಲಿ ಸೋತರೆ ವಿಷಯ ಅಗಲವಾಗಿದೆ ಎಂದು ತಿಳಿಯಬಹುದು. ಹತ್ತು ಪ್ರಶ್ನೆಗಳೇ ಹೊಳೆಯದಿದ್ದರೆ ಅದು ತೀರ ಇಕ್ಕಟ್ಟಾಗಿದೆ. ವಸ್ತುವನ್ನು ಕಿರಿದುಗೊಳಿಸುವುದಕ್ಕಿಂತ ವಿಧಾನವನ್ನು ಕಿರಿದುಗೊಳಿಸುವುದು ಅನೇಕ ಸಲ ಚೆನ್ನಾಗಿ ಫಲಿಸುತ್ತದೆ: ದೂರದರ್ಶಕವಿಲ್ಲದೆ ಬರಿಗಣ್ಣಿನಿಂದ ಮಾತ್ರ ಆಕಾಶ ನೋಡುವವರ ಬಳಗ, ಫಿಲ್ಮ್ ಬಳಸಿ ಮಾತ್ರ ಚಿತ್ರ ತೆಗೆಯುವವರ ಬಳಗ, ಕುಂಡಗಳಲ್ಲಿ ಮಾತ್ರ ಗಿಡ ಬೆಳೆಸುವವರ ಬಳಗ. ಇಂಥ ಮಿತಿಯು ಹೊಸಬರಿಗೂ ಹಳಬರಿಗೂ ಒಂದೇ ಬಗೆಯ ಸವಾಲನ್ನು ಒಡ್ಡುತ್ತದೆ. ವಿಷಯ ಗೊತ್ತಾದ ಮೇಲೆ ಬಳಗ ಏನು ಮಾಡುತ್ತದೆ ಎಂಬುದನ್ನೂ ಏನು ಮಾಡುವುದಿಲ್ಲ ಎಂಬುದನ್ನೂ ಒಂದೆರಡು ವಾಕ್ಯಗಳಲ್ಲಿ ಬರೆದಿಡಿ. ಎರಡನೆಯದನ್ನು ಬರೆಯಲು ಹೆಚ್ಚಿನವರು ಹಿಂಜರಿಯುತ್ತಾರೆ, ಆದರೆ ಮುಂದೆ ಜಗಳಗಳನ್ನು ತಪ್ಪಿಸುವುದು ಅದೇ.

ಒಟ್ಟಾಗಿ ಮಾಡುವ ಕೆಲಸವನ್ನು ಗೊತ್ತುಪಡಿಸಿಕೊಳ್ಳಿ

ಈ ಹೆಜ್ಜೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡುವುದು ಒಳ್ಳೆಯದು. ಒಳ್ಳೆಯ ಸಾಮೂಹಿಕ ಕೆಲಸಕ್ಕೆ ಮೂರು ಗುಣಗಳಿರುತ್ತವೆ. ಹೊಸಬರು ಮೊದಲ ದಿನವೇ ಅದರಲ್ಲಿ ಕೈಹಾಕಬಹುದು, ಅನುಭವಿಗಳಿಗೆ ಅದು ಎಂದೂ ಸಪ್ಪೆಯೆನಿಸುವುದಿಲ್ಲ, ಮತ್ತು ಒಬ್ಬೊಬ್ಬರ ಪಾಲೂ ಉಳಿದವರ ಪಾಲಿನೊಡನೆ ಕೂಡಿದಾಗಲೇ ಅದಕ್ಕೆ ಬೆಲೆ ಬರುತ್ತದೆ.

ಹೊಳಪು ಬದಲಾಗುವ ನಕ್ಷತ್ರಗಳ ವೀಕ್ಷಣೆಯಲ್ಲಿ ಈ ಮೂರೂ ಗುಣಗಳು ಎದ್ದು ಕಾಣುತ್ತವೆ. ಡೆಲ್ಟಾ ಸೆಫೈ ಎಂಬ ನಕ್ಷತ್ರವು ಸುಮಾರು 5 ದಿನ 9 ಗಂಟೆಗಳಿಗೊಮ್ಮೆ ಬೆಳಗಿ ಮಂಕಾಗುತ್ತದೆ. ಇದನ್ನು 1784ರಲ್ಲಿ ಗುರುತಿಸಿದವನು ಜಾನ್ ಗುಡ್ರಿಕ್ ಎಂಬ ಕಿವುಡ ತರುಣ. ಅದರ ಪಕ್ಕದಲ್ಲೇ ಬರಿಗಣ್ಣಿಗೆ ಹೊಳಪು ಬದಲಾದಂತೆ ತೋರದ ಎರಡು ನಕ್ಷತ್ರಗಳಿವೆ. ಜೀಟಾ ಸೆಫೈಯ ಹೊಳಪಿನ ಅಳತೆ ಸುಮಾರು 3.4, ಎಪ್ಸಿಲಾನ್ ಸೆಫೈಯದು ಸುಮಾರು 4.2, ಈ ಅಳತೆಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು. ವೀಕ್ಷಕರು ಮೂರನ್ನೂ ಒಂದಾದ ಮೇಲೊಂದರಂತೆ ನೋಡಿ, ಡೆಲ್ಟಾದ ಹೊಳಪು ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂದು ಅಂದಾಜು ಮಾಡುತ್ತಾರೆ. ಸರಿಯಾಗಿ ನಡುವೆ ಇದ್ದಂತೆ ತೋರಿದರೆ 3.8 ಎಂದು ಬರೆದು, ದಿನಾಂಕವನ್ನೂ ಸಮಯವನ್ನೂ ಸೇರಿಸಿದರೆ ಆ ರಾತ್ರಿಯ ಕೆಲಸ ಮುಗಿಯಿತು. ಉಪಕರಣ ಬೇಕಿಲ್ಲ, ಐದು ನಿಮಿಷ ಸಾಕು. ಒಬ್ಬರ ಮೇಲೆ ಮೋಡ ಕವಿದ ರಾತ್ರಿ ಮತ್ತೊಬ್ಬರ ಆಕಾಶ ತಿಳಿಯಾಗಿರುತ್ತದೆ. ಕೆಲವು ವಾರಗಳ ನಂತರ ಎಲ್ಲರ ಅಂಕಿಗಳನ್ನೂ ಒಂದೇ ನಕ್ಷೆಯಲ್ಲಿ, 5 ದಿನ 9 ಗಂಟೆಗಳ ಅವಧಿಗೆ ಮಡಚಿ, ಎಂದರೆ ಪ್ರತಿ ಸುತ್ತೂ ಹಿಂದಿನ ಸುತ್ತಿನ ಮೇಲೆಯೇ ಬರುವಂತೆ ಗುರುತಿಸಿದರೆ, ನಕ್ಷತ್ರವು ಬೇಗ ಬೆಳಗಿ ನಿಧಾನವಾಗಿ ಮಂಕಾಗುವ ಗೆರೆಯು ಚದುರಿದ ಚುಕ್ಕೆಗಳ ನಡುವಿನಿಂದ ಮೂಡಿಬರುತ್ತದೆ. ಹೊಸಬರೊಬ್ಬರು ತಮ್ಮದೇ ಚುಕ್ಕೆಯನ್ನು ಆ ಗೆರೆಯ ಮೇಲೆ ಕಂಡ ದಿನ ಅವರನ್ನು ಬಳಗದಲ್ಲಿ ಉಳಿಸಿಕೊಳ್ಳಲು ಬೇರೇನನ್ನೂ ಮಾಡಬೇಕಾಗಿರುವುದಿಲ್ಲ. ವಕೀಲಿ ಓದಿದ್ದ ಹವ್ಯಾಸಿ ವಿಲಿಯಂ ಟೈಲರ್ ಓಲ್ಕಾಟ್ 1911ರಲ್ಲಿ ಇಂಥ ವೀಕ್ಷಕರನ್ನು ಕೂಡಿಸಿ ಆರಂಭಿಸಿದ ಅಮೆರಿಕದ ಸಂಘವು ಇಂದಿಗೂ ನಡೆಯುತ್ತಿದೆ. ಅದರ ದಾಖಲೆಯಲ್ಲಿ ಕೋಟಿಗಟ್ಟಲೆ ಅಂದಾಜುಗಳಿವೆ, ಅವನ್ನು ವೃತ್ತಿನಿರತ ವಿಜ್ಞಾನಿಗಳೂ ಬಳಸುತ್ತಾರೆ.

ಹಕ್ಕಿಗಳ ವಿಷಯದಲ್ಲೂ ಇದೇ ಬಗೆಯ ಕಥೆಯಿದೆ. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ತಂಡಗಳಾಗಿ ಬೇಟೆಗೆ ಹೋಗಿ ಹೆಚ್ಚು ಪ್ರಾಣಿಪಕ್ಷಿಗಳನ್ನು ಕೊಂದವರು ಗೆದ್ದರೆಂದು ಎಣಿಸುವ ರೂಢಿಯಿತ್ತು. ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ 1900ರಲ್ಲಿ, ಕೊಲ್ಲುವ ಬದಲು ಎಣಿಸೋಣ ಎಂದರು. ಆ ವರ್ಷ 25 ಕಡೆಗಳಲ್ಲಿ 27 ಮಂದಿ ಎಣಿಸಿದರು. ಗಣತಿಯ ವಿಧಾನ ಇಂದಿಗೂ ಸರಳವಾಗಿದೆ: ಸುಮಾರು 24 ಕಿಲೋಮೀಟರ್ ವ್ಯಾಸದ ಗೊತ್ತಾದ ವೃತ್ತದೊಳಗೆ ಒಂದೇ ದಿನದಲ್ಲಿ ಕಂಡ, ಕೇಳಿದ ಹಕ್ಕಿಗಳನ್ನೆಲ್ಲ ಎಣಿಸಬೇಕು. ವೃತ್ತ ಬದಲಾಗದಿರುವುದರಿಂದಲೇ ಒಂದು ವರ್ಷದ ಅಂಕಿಯನ್ನು ಮತ್ತೊಂದರ ಜೊತೆ ಹೋಲಿಸಲು ಸಾಧ್ಯ. ನಿಮ್ಮ ಬಳಗ ಚಿಕ್ಕದಾಗಿದ್ದರೆ ಒಂದು ಕೆರೆಯ ದಂಡೆಯನ್ನು ಆರಿಸಿಕೊಂಡರೂ ಸಾಕು. ಆದರೆ ಆರಿಸಿಕೊಂಡ ದಂಡೆಯನ್ನೂ ನಡೆಯುವ ಹಾದಿಯನ್ನೂ ಎಣಿಸುವ ಅವಧಿಯನ್ನೂ ವರ್ಷದುದ್ದಕ್ಕೂ ಬದಲಿಸಬೇಡಿ.

ಕೈಗೆಲಸದ ಹವ್ಯಾಸಗಳಲ್ಲಿ ಮಾದರಿ ರೈಲಿನವರು ಇದನ್ನು ಚೆನ್ನಾಗಿ ಅರಿತಿದ್ದಾರೆ. ಮೂಲದ 87ರಲ್ಲಿ ಒಂದು ಪಾಲಿನಷ್ಟು ಗಾತ್ರದ ರೈಲುಗಳನ್ನು 16.5 ಮಿಲಿಮೀಟರ್ ಅಗಲದ ಹಳಿಗಳ ಮೇಲೆ ಓಡಿಸುವ ಇವರಲ್ಲಿ ಅನೇಕ ಬಳಗಗಳು ತುಂಡು ತುಂಡಾಗಿ ಹಳಿ ಕಟ್ಟುತ್ತವೆ. ಪ್ರತಿ ಸದಸ್ಯರೂ ಮನೆಯಲ್ಲಿ ತಮಗೆ ಬೇಕಾದ ಬೆಟ್ಟ, ಸೇತುವೆ, ನಿಲ್ದಾಣಗಳನ್ನು ಮಾಡಿಕೊಳ್ಳಬಹುದು, ಆದರೆ ತುಂಡಿನ ಎರಡೂ ತುದಿಗಳಲ್ಲಿ ಹಳಿಯ ಜಾಗ, ಎತ್ತರ, ವಿದ್ಯುತ್ ಜೋಡಣೆ ಗೊತ್ತುಪಡಿಸಿದಂತೆಯೇ ಇರಬೇಕು. ಎಲ್ಲರೂ ಸೇರಿದ ದಿನ ತುಂಡುಗಳನ್ನು ಕೂಡಿಸಿದರೆ, ಯಾರ ಮನೆಯಲ್ಲೂ ಹಿಡಿಸದಷ್ಟು ಉದ್ದದ ದಾರಿ ಸಿದ್ಧವಾಗುತ್ತದೆ. ತುದಿಗಳನ್ನು ಬಿಗಿಯಾಗಿ ಗೊತ್ತುಮಾಡಿ ನಡುವನ್ನು ಮುಕ್ತವಾಗಿ ಬಿಡುವ ಈ ಉಪಾಯವನ್ನು ಬೇರೆ ಕಡೆಗೂ ಒಯ್ಯಬಹುದು. ಕಸೂತಿಯವರು ಒಂದೇ ಅಳತೆಯ ಚೌಕಗಳನ್ನು ತಮ್ಮಿಷ್ಟದ ವಿನ್ಯಾಸದಲ್ಲಿ ಮಾಡಿ ಒಂದು ಹೊದಿಕೆಯಾಗಿ ಜೋಡಿಸಬಹುದು. ಕೈತೋಟದವರು ಒಂದೇ ಪೊಟ್ಟಣದ ಬೀಜಗಳನ್ನು ಹಂಚಿಕೊಂಡು ಒಂದೇ ದಿನ ಬಿತ್ತಿ, ಮೊಳಕೆ ಬಂದ ದಿನ, ಮಣ್ಣು, ನೀರು, ನೆರಳು ಇವನ್ನು ಬರೆದಿಟ್ಟು ಹೋಲಿಸಬಹುದು. ಓದಿನ ಬಳಗಕ್ಕೂ ಒಂದು ಪುಸ್ತಕದ ಒಂದೇ ಅಧ್ಯಾಯವನ್ನು ಎಲ್ಲರೂ ಓದಿಬಂದು, ಒಬ್ಬೊಬ್ಬರು ಒಂದೊಂದು ಪ್ರಶ್ನೆಯನ್ನು ತರುವ ಕಟ್ಟಳೆ ಸಾಕಾಗುತ್ತದೆ.

ಆರಂಭಕ್ಕೆ ಐದಾರು ಜನ ಸಾಕು

ಮೊದಲೇ ದೊಡ್ಡ ಪ್ರಚಾರ ಮಾಡುವುದು ಅಪಾಯಕಾರಿ. ಆರು ಜನರಲ್ಲಿ ಇಬ್ಬಿಬ್ಬರ ಜೋಡಿಗಳು 15 ಆಗುತ್ತವೆ, ಹನ್ನೆರಡರಲ್ಲಿ 66, ಮೂವತ್ತರಲ್ಲಿ 435. ಪರಸ್ಪರ ಪರಿಚಯ ಬೆಳೆಯಬೇಕಾದುದು ಈ ಜೋಡಿಗಳ ನಡುವೆಯೇ ಆದ್ದರಿಂದ, ಐದಾರು ಜನ ಒಬ್ಬರನ್ನೊಬ್ಬರು ಚೆನ್ನಾಗಿ ಅರಿತ ಮೇಲೆ ಬಾಗಿಲು ತೆರೆದರೆ ಹೊಸಬರು ಬಂದು ಸೇರುವುದಕ್ಕೆ ಅಲ್ಲಿ ಏನಾದರೂ ಇರುತ್ತದೆ. ಈ ಐದಾರು ಜನರಲ್ಲಿ ಎಲ್ಲರೂ ಪಂಡಿತರಾಗಿರುವುದು ಬೇಡ. ಇಬ್ಬರು ಬಲ್ಲವರು, ಇಬ್ಬರು ಕಲಿಯುವವರು ಮತ್ತು ದಿನ, ಸ್ಥಳ, ನೆನಪೋಲೆಗಳ ಜವಾಬ್ದಾರಿಯನ್ನು ಬೇಸರವಿಲ್ಲದೆ ಹೊರುವ ಒಬ್ಬರು ಇದ್ದರೆ ಸಾಕು. ಈ ಕೊನೆಯವರು ಸಿಗುವುದೇ ಕಷ್ಟ, ಸಿಕ್ಕರೆ ಬಿಡಬೇಡಿ.

ಕೂಡುವ ದಿನ ಮತ್ತು ಕೂಟದ ಕ್ರಮ

ಎಲ್ಲರಿಗೂ ಅನುಕೂಲವಾದ ದಿನವನ್ನು ಪ್ರತಿ ಸಲವೂ ಹುಡುಕಲು ಹೊರಟರೆ ಹುಡುಕಾಟವೇ ಬಳಗದ ಮುಖ್ಯ ಚಟುವಟಿಕೆಯಾಗಿಬಿಡುತ್ತದೆ. ತಿಂಗಳ ಎರಡನೇ ಶನಿವಾರ ಎಂಬಂತೆ ಒಂದು ದಿನವನ್ನು ನಿಗದಿಪಡಿಸಿ, ಮೂರೇ ಜನ ಬಂದರೂ ಅಂದೇ ಕೂಡಿ. ಬಾರದವರಿಗೆ ಮುಂದಿನ ಕೂಟ ಯಾವಾಗ ಎಂಬುದು ಕೇಳದೆಯೇ ಗೊತ್ತಿರಬೇಕು. ಆಕಾಶ ವೀಕ್ಷಕರು ಮಾತ್ರ ಕ್ಯಾಲೆಂಡರಿನ ವಾರವನ್ನು ಬಿಟ್ಟು ಅಮಾವಾಸ್ಯೆಯ ಆಸುಪಾಸಿನ ರಾತ್ರಿಯನ್ನು ಹಿಡಿಯಬೇಕಾಗುತ್ತದೆ, ಏಕೆಂದರೆ ಬೆಳದಿಂಗಳಿನಲ್ಲಿ ಮಂಕಾದ ಕಾಯಗಳು ಕಾಣುವುದಿಲ್ಲ.

ಮಾತಿನ ಸರದಿಯನ್ನು ನಿಭಾಯಿಸಲು ಹ್ಯಾಮ್ ರೇಡಿಯೊದವರ ಪದ್ಧತಿಯನ್ನು ನೋಡಿ ಕಲಿಯಬಹುದು. ಒಂದೇ ತರಂಗಾಂತರದಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಕೇಳುಗರಿಗೆ ನೆಟ್ಟಗೆ ಏನೂ ತಿಳಿಯುವುದಿಲ್ಲವಾದ್ದರಿಂದ, ಅವರು ಗುಂಪಾಗಿ ಮಾತನಾಡುವಾಗ ಒಂದು ನಿಲ್ದಾಣವು ನಿಯಂತ್ರಣದ ಹೊಣೆ ಹೊರುತ್ತದೆ. ತುರ್ತು ಸಂದೇಶ ಯಾರಲ್ಲಾದರೂ ಇದೆಯೇ ಎಂದು ಅದು ಮೊದಲು ಕೇಳುತ್ತದೆ, ಆಮೇಲೆ ಹಾಜರಿರುವವರ ಕರೆಸಂಕೇತಗಳನ್ನು, ಎಂದರೆ ಒಂದೊಂದು ನಿಲ್ದಾಣದ ಗುರುತಿನ ಹೆಸರುಗಳನ್ನು, ಬರೆದುಕೊಳ್ಳುತ್ತದೆ, ನಂತರ ಒಬ್ಬೊಬ್ಬರನ್ನೇ ಕರೆದು ಮಾತು ಕೊಡುತ್ತದೆ. ಕೋಣೆಯೊಳಗೆ ಕೂಡುವ ಬಳಗಕ್ಕೂ ಇದು ಹೊಂದುತ್ತದೆ. ಪ್ರತಿ ಕೂಟಕ್ಕೂ ಬೇರೆ ಬೇರೆ ಸದಸ್ಯರು ನಿರ್ವಾಹಕರಾಗಲಿ. ಆರಂಭದಲ್ಲಿ ಅವರು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆದು, ಕಳೆದ ಸಲದಿಂದ ಏನು ಮಾಡಿದಿರಿ, ಎಲ್ಲಿ ಸಿಕ್ಕಿಬಿದ್ದಿರಿ ಎಂಬ ಎರಡೇ ಪ್ರಶ್ನೆಗಳನ್ನು ಕೇಳಲಿ. ಹೆಸರು ಹಿಡಿದು ಕರೆಯುವವರೆಗೆ ಬಾಯಿ ತೆರೆಯದವರು ಎಲ್ಲ ಬಳಗಗಳಲ್ಲೂ ಇರುತ್ತಾರೆ, ಮತ್ತು ಅವರಲ್ಲೇ ಹಲವರ ಬಳಿ ಹೇಳುವಂಥದ್ದು ಇರುತ್ತದೆ. ಉಳಿದ ಸಮಯದ ದೊಡ್ಡ ಪಾಲನ್ನು ಕೈಕೆಲಸಕ್ಕೇ ಮೀಸಲಿಡಿ. ಭಾಷಣದಿಂದ ತುಂಬಿದ ಕೂಟಕ್ಕೆ ಜನ ಒಂದೆರಡು ಸಲ ಬರುತ್ತಾರೆ, ಅಷ್ಟೇ.

ಸ್ಪರ್ಧೆಯುಳ್ಳ ಹವ್ಯಾಸಗಳಲ್ಲಿ ಇನ್ನೊಂದು ಎಚ್ಚರ ಬೇಕು. ಹದಿನಾರು ಜನರ ಚದುರಂಗ ಪಂದ್ಯಾವಳಿಯನ್ನು ಸೋತವರು ಹೊರಗೆ ಎಂಬ ಕ್ರಮದಲ್ಲಿ ನಡೆಸಿದರೆ, ಮೊದಲ ಸುತ್ತು ಮುಗಿಯುವಷ್ಟರಲ್ಲಿ ಎಂಟು ಮಂದಿಗೆ ಕೆಲಸವೇ ಇರುವುದಿಲ್ಲ, ಮತ್ತು ಹಾಗೆ ಹೊರಬಿದ್ದವರಲ್ಲಿ ಹೆಚ್ಚಿನವರು ಅಭ್ಯಾಸದ ಅಗತ್ಯ ಅತಿ ಹೆಚ್ಚಾಗಿರುವ ಹೊಸಬರೇ ಆಗಿರುತ್ತಾರೆ. 1895ರಲ್ಲಿ ಜ್ಯೂರಿಕ್‌ನ ಪಂದ್ಯಾವಳಿಯೊಂದರಲ್ಲಿ ಮೊದಲು ಬಳಕೆಗೆ ಬಂದ ಸ್ವಿಸ್ ಪದ್ಧತಿಯಲ್ಲಿ ಯಾರೂ ಹೊರಬೀಳುವುದಿಲ್ಲ. ಪ್ರತಿ ಸುತ್ತಿನಲ್ಲೂ ಆವರೆಗೆ ಸಮಾನ ಅಂಕ ಪಡೆದವರನ್ನು ಎದುರುಬದುರು ಕೂರಿಸಲಾಗುತ್ತದೆ. ಎರಡು ಮೂರು ಸುತ್ತುಗಳಾಗುವಷ್ಟರಲ್ಲಿ ಹೊಸಬರು ಹೊಸಬರೊಡನೆಯೂ ಬಲ್ಲವರು ಬಲ್ಲವರೊಡನೆಯೂ ಆಡುತ್ತಿರುತ್ತಾರೆ. ರೂಬಿಕ್ಸ್ ಕ್ಯೂಬ್ ಬಿಡಿಸುವಂಥ ಹವ್ಯಾಸಗಳಲ್ಲಾದರೆ ಪ್ರತಿಯೊಬ್ಬರೂ ತಮ್ಮದೇ ಹಿಂದಿನ ಸಮಯವನ್ನು ಮುರಿಯುವುದನ್ನು ಗುರಿಯಾಗಿಡಬಹುದು.

ಹೊಸಬರನ್ನು ಬರಮಾಡಿಕೊಳ್ಳುವುದು

ಹೊಸಬರು ಎಲ್ಲ ಕಡೆ ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ಉಪಕರಣ ಕೊಳ್ಳಬೇಕು? ಹಳಬರು ಉತ್ಸಾಹದಿಂದ ಉದ್ದ ಪಟ್ಟಿಯನ್ನು ಕೊಡುತ್ತಾರೆ, ಕೇಳಿದವರು ಬೆಲೆ ನೋಡಿ ಹಿಂದೆ ಸರಿಯುತ್ತಾರೆ. ಇದಕ್ಕೆ ಬಳಗದ ಉತ್ತರ ಮೊದಲೇ ಸಿದ್ಧವಾಗಿರಲಿ: ಮೂರು ಕೂಟಗಳವರೆಗೆ ಏನನ್ನೂ ಕೊಳ್ಳಬೇಡಿ, ಇಲ್ಲಿರುವುದನ್ನೇ ಬಳಸಿ ನೋಡಿ. ಹೆಚ್ಚುವರಿ ಬೈನಾಕ್ಯುಲರ್, ಹಳೆಯ ಚದುರಂಗದ ಹಾಸು, ಒಂದು ಜೊತೆ ಹೆಣಿಗೆ ಕಡ್ಡಿ ಇಂಥವು ಎರವಲಿಗೆ ಇದ್ದರೆ ಸಾಕು. ಹೊಸಬರ ಪಕ್ಕದಲ್ಲಿ ಕೂರುವ ಹೊಣೆಯನ್ನು ಅತಿ ಬಲ್ಲವರಿಗೆ ವಹಿಸುವುದಕ್ಕಿಂತ ವರ್ಷದ ಹಿಂದಷ್ಟೇ ಸೇರಿದವರಿಗೆ ವಹಿಸುವುದು ಒಳ್ಳೆಯದು. ಏನು ಅರ್ಥವಾಗುವುದಿಲ್ಲ ಎಂಬುದು ಅವರಿಗೆ ಇನ್ನೂ ನೆನಪಿರುತ್ತದೆ.

ಬರೆದಿಡಲೇಬೇಕಾದ ನಿಯಮಗಳು

ಸಭ್ಯವಾಗಿ ವರ್ತಿಸಿ ಎಂಬಂಥ ಸಾಮಾನ್ಯ ನಿಯಮಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಪ್ರತಿ ಹವ್ಯಾಸಕ್ಕೂ ತನ್ನದೇ ಆದ ಅಪಾಯವಿರುತ್ತದೆ, ನಿಯಮಗಳು ಅದನ್ನೇ ನೇರವಾಗಿ ಹೆಸರಿಸಬೇಕು. ಕಾಡಿನ ಅಣಬೆಗಳನ್ನು ಗುರುತಿಸುವ ಬಳಗದಲ್ಲಿ, ಚಿತ್ರವನ್ನಷ್ಟೇ ನೋಡಿ ಯಾವ ಅಣಬೆಯನ್ನೂ ತಿನ್ನಲು ಯೋಗ್ಯ ಎಂದು ಯಾರೂ ಹೇಳಬಾರದು. ಡೆತ್ ಕ್ಯಾಪ್ ಎಂಬ ವಿಷ ಅಣಬೆಯನ್ನು ತಿಂದವರಲ್ಲಿ ಲಕ್ಷಣಗಳು ಸಾಮಾನ್ಯವಾಗಿ ಆರು ಗಂಟೆಗಳಿಗೂ ಹೆಚ್ಚು ಕಾಲ ಕಾಣಿಸಿಕೊಳ್ಳುವುದಿಲ್ಲ, ಅಷ್ಟರಲ್ಲಿ ವಿಷವು ಯಕೃತ್ತನ್ನು ತಲುಪಿರುತ್ತದೆ. ಆಕಾಶ ವೀಕ್ಷಕರಲ್ಲಿ, ಸೂಕ್ತ ಸೌರ ಫಿಲ್ಟರ್ ಅನ್ನು ಮುಂಭಾಗಕ್ಕೆ ಅಳವಡಿಸದ ದೂರದರ್ಶಕವನ್ನು ಸೂರ್ಯನತ್ತ ತಿರುಗಿಸಕೂಡದು. ಹ್ಯಾಮ್ ರೇಡಿಯೊದಲ್ಲಿ ಪರವಾನಗಿ ಇಲ್ಲದವರು ತಾವಾಗಿಯೇ ಪ್ರಸಾರ ಮಾಡುವಂತಿಲ್ಲ.

ಪ್ರಕೃತಿ ವೀಕ್ಷಕರಲ್ಲಿ ಅಪಾಯ ನೋಡುವವರಿಗಿಂತ ನೋಡಿಸಿಕೊಳ್ಳುವ ಜೀವಿಗೆ ಹೆಚ್ಚು. ಅಪರೂಪದ ಹಕ್ಕಿಯ ಗೂಡು, ಆರ್ಕಿಡ್ ಗಿಡ ಇರುವ ಜಾಗ ಎಲ್ಲರಿಗೂ ತಿಳಿದರೆ ಮೊದಲು ಛಾಯಾಗ್ರಾಹಕರ ಗುಂಪು ಬರುತ್ತದೆ, ಅವರ ಹಿಂದೆ ಕದಿಯುವವರೂ ಬರಬಹುದು. ಐನ್ಯಾಚುರಲಿಸ್ಟ್‌ನಂಥ ಜೀವಿ ದಾಖಲೆಯ ವ್ಯವಸ್ಥೆಯು ಅಪಾಯದಲ್ಲಿರುವ ಪ್ರಭೇದಗಳ ನಿಖರ ಸ್ಥಳವನ್ನು ತಾನಾಗಿಯೇ ಮಸುಕುಗೊಳಿಸಿ ತೋರಿಸುವುದು ಇದಕ್ಕಾಗಿಯೇ. ನಿಮ್ಮ ಬಳಗದಲ್ಲೂ ಕಂಡದ್ದನ್ನು ಹೇಳಬಹುದು, ಗೂಡು ಎಲ್ಲಿದೆ ಎಂಬುದನ್ನು ಹೇಳಬಾರದು ಎಂಬ ನಿಯಮವಿರಲಿ. ಚಿತ್ರ ತೆಗೆಯುವ ಸಲುವಾಗಿ ಗೂಡಿನ ಸುತ್ತಲಿನ ರೆಂಬೆಗಳನ್ನು ಸರಿಸಿದವರನ್ನು, ಅವರೆಷ್ಟೇ ಹಳೆಯ ಸದಸ್ಯರಾಗಿದ್ದರೂ, ಸುಮ್ಮನೆ ಬಿಡಬಾರದು.

ಸಂಗ್ರಾಹಕರ ಬಳಗಗಳಲ್ಲಿ ಕೊಳ್ಳುವಿಕೆ ಮಾರುವಿಕೆಗಳು ತಪ್ಪಿದ್ದಲ್ಲ. ಅವನ್ನು ನಿಷೇಧಿಸುವುದಕ್ಕಿಂತ ಕೂಟದ ಕೊನೆಯ ಅರ್ಧ ಗಂಟೆಗೆ ಸೀಮಿತಗೊಳಿಸುವುದು ಸರಿಯೆಂದು ತೋರುತ್ತದೆ. ಮಾರುವ ಅಂಚೆಚೀಟಿ ಅಥವಾ ನಾಣ್ಯದಲ್ಲಿರುವ ಲೋಪಗಳನ್ನು ಮೊದಲೇ ತಿಳಿಸಬೇಕು, ಮತ್ತು ಬೆಲೆ ಅಂದಾಜು ಮಾಡಿಕೊಟ್ಟವರೇ ಆ ವಸ್ತುವನ್ನು ಕೊಳ್ಳಬಾರದು. ಈ ಎರಡನೆಯ ನಿಯಮವನ್ನು ಮರೆತ ಕಡೆಗಳಲ್ಲಿ ಮನಸ್ತಾಪಗಳು ಹುಟ್ಟಿಯೇ ತೀರುತ್ತವೆ. ಮಕ್ಕಳು ಬರುವ ಬಳಗವಾದರೆ ಅವರೊಡನೆ ಎರಡಕ್ಕಿಂತ ಕಡಿಮೆ ಹಿರಿಯರು ಇರಕೂಡದೆಂದೂ, ಪೋಷಕರ ಒಪ್ಪಿಗೆಯಿಲ್ಲದೆ ಅವರ ಚಿತ್ರಗಳನ್ನು ಹಂಚಕೂಡದೆಂದೂ ಆರಂಭದಲ್ಲೇ ಬರೆದಿಡಿ.

ಹಣದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹಣ ಕೂಡಿಸದೆ ನಡೆಯುವಷ್ಟು ದಿನ ನಡೆಸಿ. ಕೂಡಿಸಲೇಬೇಕಾದರೆ ನಿರ್ದಿಷ್ಟ ಉದ್ದೇಶಕ್ಕೆ ಮಾತ್ರ ಕೂಡಿಸಿ, ಒಬ್ಬರು ಹಣ ಇಟ್ಟುಕೊಂಡರೆ ಇನ್ನೊಬ್ಬರು ಲೆಕ್ಕ ಬರೆಯಲಿ, ಪ್ರತಿ ಕೂಟದಲ್ಲೂ ಆ ಪುಟವನ್ನು ಎಲ್ಲರಿಗೂ ತೋರಿಸಿ.

ಕಲಿತದ್ದನ್ನು ಬರಹಕ್ಕೆ ಇಳಿಸಿ

ಬಳಗದ ಜ್ಞಾನವೆಲ್ಲ ಇಬ್ಬರು ಮೂವರ ತಲೆಯಲ್ಲೇ ಉಳಿದರೆ ಅವರಿಗೂ ಆಯಾಸ, ಉಳಿದವರಿಗೂ ನಷ್ಟ. ಜಪಾನಿನ ಅಕಿರಾ ಯೋಶಿಜಾವಾ ಅವರು ಕಾಗದ ಮಡಿಕೆಯ ಹಂತಗಳನ್ನು ತುಂಡುಗೆರೆ, ಚುಕ್ಕೆಗೆರೆ, ಬಾಣಗಳ ಮೂಲಕ ತೋರಿಸುವ ಪದ್ಧತಿಯೊಂದನ್ನು ರೂಪಿಸಿದರು. ಮುಂದೆ ಇತರರು ಅದನ್ನು ವಿಸ್ತರಿಸಿದರು. ಒಬ್ಬರು ಮಡಚಿದ ಆಕೃತಿಯನ್ನು ಅವರ ಭಾಷೆ ತಿಳಿಯದವರೂ ಇಂದು ಕಾಗದ ಹಿಡಿದು ಮಡಚಬಹುದಾಗಿರುವುದು ಆ ಗುರುತುಗಳಿಂದಲೇ. ನಿಮ್ಮ ಬಳಗವು ಹೊಸ ಲಿಪಿಯನ್ನೇನೂ ಸೃಷ್ಟಿಸಬೇಕಾಗಿಲ್ಲ. ಪ್ರತಿ ಕೂಟದ ನಂತರ ಅಂದಿನ ಒಂದು ಪ್ರಶ್ನೆ, ಅದಕ್ಕೆ ಸಿಕ್ಕ ಉತ್ತರ, ಉತ್ತರ ಸರಿಯೆಂದು ಗೊತ್ತಾದದ್ದು ಹೇಗೆ ಎಂಬುದನ್ನು ಅರ್ಧ ಪುಟದಲ್ಲಿ ಬರೆದು ಒಂದೇ ಕಡೆ ಸೇರಿಸುತ್ತ ಹೋಗಿ. ಸೋತ ಪ್ರಯತ್ನಗಳನ್ನೂ ಬರೆಯಿರಿ. ಯಾವ ಅಂಟು ಹಿಡಿಯಲಿಲ್ಲ, ಯಾವ ಬೀಜ ಮೊಳೆಯಲಿಲ್ಲ ಎಂಬುದು ಮುಂದೆ ಬರುವವರಿಗೆ ಗೆದ್ದ ಕಥೆಗಳಷ್ಟೇ ಬೇಕಾಗುತ್ತದೆ. ವೀಕ್ಷಣೆಯ ದಾಖಲೆಗಳಲ್ಲಂತೂ ದಿನಾಂಕ, ಸಮಯ, ನೋಡಿದವರ ಗುರುತು ಇಲ್ಲದ ಅಂಕಿಯನ್ನು ಸೇರಿಸಲೇಬೇಡಿ.

ಬೆಳೆದ ಮೇಲೆ ಕವಲೊಡೆಯುವುದು, ಹೊಣೆ ದಾಟಿಸುವುದು

ಎರಡು ಗಂಟೆಯ ಕೂಟಕ್ಕೆ ಮೂವತ್ತು ಜನ ಬಂದರೆ ತಲೆಗೆ ನಾಲ್ಕು ನಿಮಿಷ ಸಿಗುತ್ತದೆ, ಅದೂ ಬೇರೆ ಯಾವ ಕೆಲಸವೂ ನಡೆಯದಿದ್ದರೆ. ಆ ಹಂತ ತಲುಪುವ ಮೊದಲೇ ಬಳಗವನ್ನು ಕವಲಾಗಿಸಬೇಕು. ಹೊಸಬರದು ಒಂದು, ಹಳಬರದು ಒಂದು ಎಂದು ಒಡೆದರೆ ಹೊಸಬರಿಗೆ ಕಲಿಸುವವರಿರುವುದಿಲ್ಲ, ಹಳಬರಿಗೆ ಹೊಸ ರಕ್ತ ಬರುವುದಿಲ್ಲ; ಆದ್ದರಿಂದ ಉಪವಿಷಯದ ಪ್ರಕಾರವೋ ಕೂಡುವ ದಿನದ ಪ್ರಕಾರವೋ ಒಡೆಯುವುದು ಲೇಸು. ವರ್ಷಕ್ಕೊಮ್ಮೆ ಎಲ್ಲ ಕವಲುಗಳೂ ಒಟ್ಟಿಗೆ ಸೇರಿ ಸಾಮೂಹಿಕ ಕೆಲಸದ ಫಲವನ್ನು ಮುಂದಿಟ್ಟುಕೊಳ್ಳಲಿ.

ಕಟ್ಟಿದವರು ಬಳಗವನ್ನು ಕೈಬಿಡಲು ಒಪ್ಪದಿರುವುದು ಬಹಳ ಕಡೆ ಕಾಣುವ ತೊಡಕು. ಸಂಚಾಲಕರ ಅವಧಿ ಒಂದು ವರ್ಷ ಅಥವಾ ಎರಡು ವರ್ಷ ಎಂದು ಮೊದಲ ತಿಂಗಳಲ್ಲೇ ಗೊತ್ತುಮಾಡಿಕೊಂಡರೆ ಮುಂದೆ ಯಾರೂ ಯಾರನ್ನೂ ಇಳಿಯಿರಿ ಎನ್ನಬೇಕಾಗುವುದಿಲ್ಲ. ಅವಧಿಯ ಕೊನೆಯ ಎರಡು ಮೂರು ಕೂಟಗಳನ್ನು ಹೊಸ ಸಂಚಾಲಕರೇ ನಡೆಸಲಿ, ಹಳಬರು ಬದಿಯಲ್ಲಿ ಕುಳಿತಿರಲಿ. ಸದಸ್ಯರ ಪಟ್ಟಿ, ದಾಖಲೆಗಳ ಪ್ರತಿ, ಎರವಲು ಹೋದ ಉಪಕರಣಗಳ ವಿವರ, ಲೆಕ್ಕದ ಪುಸ್ತಕ, ಕೂಡುವ ಕೋಣೆಯ ಕೀಲಿಕೈ ಇಷ್ಟನ್ನೂ ಒಂದೇ ದಿನ, ಇತರ ಸದಸ್ಯರ ಎದುರಿನಲ್ಲಿ ಒಪ್ಪಿಸಿ, ಪಡೆದವರಿಂದ ಸಹಿ ಹಾಕಿಸಿಕೊಳ್ಳಿ.